ಹೊಸ ಹೊದಿಕೆಯೊಳಗಿನ ಹಳೇ ಬ್ಯಾಟರಿ

ವಿದ್ಯುತ್ ವಾಹನದ ಒಟ್ಟು ಬೆಲೆಯಲ್ಲಿ ಶೇ 30ರಿಂದ 40ರಷ್ಟು ಬ್ಯಾಟರಿಯದ್ದೇ. ಹೀಗಾಗಿ ವಾರಂಟಿ ಮುಗಿದ ಮೇಲೆ ಬ್ಯಾಟರಿ ಕೈಕೊಟ್ಟರೆ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಗುಡೇಕೋಟೆಯಿಂದ ಕೂಡ್ಲಿಗಿಗೆ ಹೋಗಿ ಅದೇ ಚಾರ್ಜ್‌ನಲ್ಲಿ ಮನೆಗೆ ಮರಳುತ್ತಿದ್ದ ಸ್ಕೂಟರ್ ಬರಬರುತ್ತ ಅರ್ಧ ದಾರಿಯಲ್ಲೇ ನಿಲ್ಲತೊಡಗಿತು ಎನ್ನಿ. ಕಂಪನಿಯ ಹೊಸ ಬ್ಯಾಟರಿ ಹಾಕಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಕಾರಾದರೆ ಲಕ್ಷಗಳ ಮಾತು. ಅದೇ ಹೊತ್ತಿಗೆ ಯಾರೋ ‘ಅದೇ ಬ್ಯಾಟರಿ, ಅರ್ಧ ಬೆಲೆಗೆ ಹಾಕಿಕೊಡ್ತೀನಿ’ ಎಂದರೆ ಯಾರಿಗಾದರೂ ಆಸೆಯಾಗುವುದು ಸಹಜ. ಆ ಅರ್ಧ ಬೆಲೆಯ ಪೆಟ್ಟಿಗೆಯೊಳಗೆ ಏನಿರಬಹುದು, ಅದನ್ನು ತಿಳಿಯುವುದು ಹೇಗೆ ಎಂಬುದನ್ನು ಪ್ರತಿಯೊಬ್ಬ ಗ್ರಾಹಕನೂ ಅರಿತಿರಬೇಕು. ಇದರಲ್ಲಿ ಹಣದ ಜೊತೆಗೆ ಪ್ರಾಣದ ಪ್ರಶ್ನೆಯೂ ಇದೆ.

ರೇವಾ ಕಾಲದ ಬ್ಯಾಟರಿ, ಈ ಕಾಲದ ಬ್ಯಾಟರಿ

ಬ್ಯಾಟರಿ ಬದಲಿಸುವ ಚಿಂತೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿ ಮತ್ತು ತಂಡದವರು ರೂಪಿಸಿದ ರೇವಾ ಕಾರು 2001ರಲ್ಲಿ ರಸ್ತೆಗಿಳಿಯಿತು. ಅದರಲ್ಲಿದ್ದುದು ತಲಾ 6 ವೋಲ್ಟಿನ ಎಂಟು ಸೀಸ–ಆಮ್ಲ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಕೆಲವೇ ವರ್ಷಗಳಲ್ಲಿ ಅವು ಸೋತು ಬದಲಿಸಬೇಕಾಗುತ್ತಿತ್ತು. ಆದರೆ ಅಂಥ ಬ್ಯಾಟರಿಯ ಆರೋಗ್ಯವನ್ನು ಅಳೆಯುವುದು ಸುಲಭ. ಮುಚ್ಚಳ ತೆಗೆದು ಆಮ್ಲದ ಸಾಂದ್ರತೆ ನೋಡಿದರೆ ಊರಿನ ಬ್ಯಾಟರಿ ಅಂಗಡಿಯವರೇ ಅದರ ಸ್ಥಿತಿ ಹೇಳಬಲ್ಲರು.

2009ರಲ್ಲಿ ರೇವಾಗೂ ಲಿಥಿಯಂ ಅಯಾನ್ ಬ್ಯಾಟರಿ ಬಂತು. 2010ರಲ್ಲಿ ಕಂಪನಿ ಮಹೀಂದ್ರಾ ತೆಕ್ಕೆಗೆ ಹೋಯಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಕಾರು ಬಂದು, ಕೆಲವು ವರ್ಷಗಳ ನಂತರ ಅದರ ತಯಾರಿಕೆಯೂ ನಿಂತಿತು. ಹೀಗೆ ತಯಾರಿಕೆ ನಿಂತ ಮಾದರಿಗಳ ಮಾಲೀಕರೇ ಹೊರಗಿನ ಬ್ಯಾಟರಿಯತ್ತ ಹೆಚ್ಚು ನೋಡುತ್ತಾರೆ. ಇನ್ನೊಂದು ಬದಲಾವಣೆಯೂ ಆಯಿತು. ಬ್ಯಾಟರಿ ಇಲ್ಲದ ವಿದ್ಯುತ್ ವಾಹನವನ್ನೂ ಮಾರಬಹುದು, ನೋಂದಾಯಿಸಬಹುದು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ಆಗಸ್ಟ್‌ನಲ್ಲಿ ತಿಳಿಸಿತು. ಅಲ್ಲಿಂದ ಬ್ಯಾಟರಿ ಎನ್ನುವುದು ತಾನೇ ಒಂದು ಪ್ರತ್ಯೇಕ ಸರಕಾಯಿತು. ಆದರೆ ಸೀಸ–ಆಮ್ಲ ಬ್ಯಾಟರಿಯ ಹಾಗೆ ಲಿಥಿಯಂ ಸೆಲ್ಲಿನ ಮುಚ್ಚಳ ತೆರೆಯಲಾಗದು. ಅದು ಪೂರ್ತಿ ಮುಚ್ಚಿದ ಡಬ್ಬಿ. ಮೋಸಕ್ಕೆ ಜಾಗ ಸಿಗುವುದೇ ಅಲ್ಲಿ.

ಸೆಲ್ಲಿನೊಳಗೆ ಸವೆಯುವುದು ಏನು?

ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನ ವಿದ್ಯುದ್ವಾರದಿಂದ ಹೊರಟು ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ವಾಹನ ಓಡುವಾಗ ಮರಳಿ ಬರುತ್ತವೆ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಲಿಥಿಯಂ ಗ್ರಾಫೈಟಿನ ಮೇಲೆ ಬೆಳೆಯುವ ತೆಳು ಪೊರೆಯಲ್ಲಿ ಸಿಕ್ಕಿಕೊಂಡು ಶಾಶ್ವತವಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಇದರಿಂದ ಎರಡು ತೊಂದರೆ. ಒಂದು, ಬ್ಯಾಟರಿ ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಎರಡು, ಒಳಗಿನ ವಿದ್ಯುತ್ ರೋಧ ಏರುತ್ತದೆ. ರೋಧ ಏರಿದಷ್ಟೂ ಅದೇ ಕರೆಂಟಿಗೆ ಹೆಚ್ಚು ಬಿಸಿ ಹುಟ್ಟುತ್ತದೆ. ಮೂಲ ಸಾಮರ್ಥ್ಯದ ಶೇ 70ರಿಂದ 80ಕ್ಕೆ ಇಳಿದಾಗ ವಾಹನದ ಮಟ್ಟಿಗೆ ಬ್ಯಾಟರಿಯ ಆಯುಸ್ಸು ಮುಗಿಯಿತು ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ.

ಬಿಸಿ ಈ ಸವೆತವನ್ನು ತೀವ್ರಗೊಳಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ರಸಾಯನ ವಿಜ್ಞಾನದ ಹಳೆಯ ಅಂದಾಜು. ಬೇಸಿಗೆಯಲ್ಲಿ ಪಾರೆ ಬಂಡೆಗಳೇ ಕಾದ ಹೆಂಚಾಗುವ ಗುಡೇಕೋಟೆ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಬಿಸಿಲಿಗೆ ನಿಂತ ವಾಹನದ ಬ್ಯಾಟರಿ ತಂಪು ಊರಿನ ಬ್ಯಾಟರಿಗಿಂತ ಬೇಗ ಸವೆಯುತ್ತದೆ. ಈಗಾಗಲೇ ಅರ್ಧ ಆಯುಸ್ಸು ಕಳೆದ ಸೆಲ್ಲುಗಳನ್ನು ತಂದು ಇಲ್ಲಿ ಹಾಕಿದರೆ ಅವು ಎಷ್ಟು ದಿನ ಬಾಳಬಲ್ಲವು?

ವೋಲ್ಟ್ ಮೀಟರ್ ಏಕೆ ಸಾಲದು

ಅಂಗಡಿಯಲ್ಲಿ ಮೀಟರ್ ಹಿಡಿದು ‘ನೋಡಿ, ಪೂರ್ತಿ ವೋಲ್ಟೇಜ್ ಇದೆ’ ಎಂದು ತೋರಿಸುತ್ತಾರೆ. ಹೂಳು ತುಂಬಿದ ಕೆರೆಯೂ ಒಂದೇ ಮಳೆಗೆ ಕೋಡಿ ಬೀಳುತ್ತದೆ. ನೀರಿನ ಮಟ್ಟ ನೋಡಿ ಕೆರೆಯಲ್ಲಿ ಎಷ್ಟು ನೀರಿದೆ ಎಂದು ಹೇಳಲಾಗದು. ವೋಲ್ಟೇಜ್ ಕೂಡ ಬರೀ ಮಟ್ಟ. ಹಳೆಯ ಸೆಲ್ಲನ್ನು ಪೂರ್ತಿ ಚಾರ್ಜ್ ಮಾಡಿದರೆ ಹೊಸದರಷ್ಟೇ ವೋಲ್ಟೇಜ್ ತೋರಿಸುತ್ತದೆ. ಅದರಲ್ಲೂ ಈಗ ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜ್ ಮುಕ್ಕಾಲು ಪಾಲು ಚಾರ್ಜ್ ಖಾಲಿಯಾಗುವವರೆಗೂ 3.2–3.3ರ ಆಸುಪಾಸಿನಲ್ಲೇ ನಿಂತಿರುತ್ತದೆ. ಡ್ಯಾಶ್‌ಬೋರ್ಡ್ ತೋರಿಸುವ ಶೇಕಡಾವಾರು ಸಂಖ್ಯೆಯನ್ನೂ ನಂಬುವಂತಿಲ್ಲ. ಬ್ಯಾಟರಿಯ ನಿಯಂತ್ರಣ ವ್ಯವಸ್ಥೆಯಾದ ಬಿಎಂಎಸ್‌ಗೆ ಯಾವ ಲೆಕ್ಕ ತುಂಬಿದ್ದಾರೋ ಅದನ್ನೇ ಅದು ಹೇಳುತ್ತದೆ.

ಮೋಸದ ಬಗೆಗಳು

ಮೊದಲನೆಯದು ಬಳಸಿದ ಸೆಲ್ಲುಗಳಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕುವುದು. ಗುಜರಿಗೆ ಬಂದ ಬ್ಯಾಟರಿ ಬಿಚ್ಚಿ, ಇನ್ನೂ ಜೀವವಿರುವ ಸೆಲ್ಲುಗಳನ್ನು ಆರಿಸಿ, ಹೊಸ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಎರಡನೆಯದು ಕಾರ್ಖಾನೆಯ ಪರೀಕ್ಷೆಯಲ್ಲಿ ಕೆಳದರ್ಜೆಗೆ ಬಿದ್ದ ಸೆಲ್ಲುಗಳನ್ನು ಮೊದಲ ದರ್ಜೆ ಎಂದು ಮಾರುವುದು. ಚೌಕಾಕಾರದ ದೊಡ್ಡ ಸೆಲ್ಲುಗಳ ಮೇಲೆ ತಯಾರಕರು ಕೆತ್ತಿದ ಕ್ಯೂಆರ್ ಕೋಡ್‌ನಲ್ಲಿ ತಯಾರಕರ ಗುರುತು, ತಯಾರಾದ ದಿನ ಅಡಗಿರುತ್ತವೆ. ಅದನ್ನು ಕೆರೆದು ಹೊಸ ಕೋಡ್ ಅಂಟಿಸಿದ್ದರೆ ಅನುಮಾನ ಪಡಲೇಬೇಕು. ಧ್ರುವಗಳ ಮೇಲೆ ಹಳೆಯ ವೆಲ್ಡಿಂಗ್ ಕಲೆ, ಉಬ್ಬಿದ ಮೈ ಕೂಡ ಬಳಕೆಯ ಗುರುತುಗಳೇ.

ಮೂರನೆಯದು ಸಾಮರ್ಥ್ಯದ ಸುಳ್ಳು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ‘18650’ ಎಂಬ ಉರುಳೆ ಸೆಲ್ ಬಹಳ ಬಳಕೆಯಲ್ಲಿದೆ. ಅತ್ಯುತ್ತಮ ಕಂಪನಿಯದ್ದೂ ಸಾಮಾನ್ಯವಾಗಿ ಸುಮಾರು 3,600 ಮಿಲಿ ಆಂಪಿಯರ್ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಅದರ ಮೇಲೆ 5,000 ಅಥವಾ 9,900 ಎಂದು ಬರೆದಿದ್ದರೆ ಅದು ನಕಲಿ ಎಂದು ಮತ್ತೆ ಯೋಚಿಸದೆ ಹೇಳಬಹುದು.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕಾರಿ: ಬೇರೆ ರಸಾಯನದ ಸೆಲ್ ತುಂಬುವುದು. ಪೆಟ್ಟಿಗೆಯ ಮೇಲೆ ‘48 ವೋಲ್ಟ್’ ಎಂದಷ್ಟೇ ಬರೆದಿರುತ್ತದೆ. 16 ಎಲ್‌ಎಫ್‌ಪಿ ಸೆಲ್ಲುಗಳ ಸಾಲನ್ನು ತುಂಬಲು 58.4 ವೋಲ್ಟಿನ ಚಾರ್ಜರ್ ಬೇಕು. ನಿಕಲ್–ಮ್ಯಾಂಗನೀಸ್–ಕೋಬಾಲ್ಟ್, ಅಂದರೆ ಎನ್‌ಎಂಸಿ ಸೆಲ್ಲುಗಳು 13 ಇದ್ದರೂ ಅದು ‘48 ವೋಲ್ಟ್’ ಬ್ಯಾಟರಿಯೇ. ಆದರೆ ಅದು ತಾಳುವುದು 54.6 ವೋಲ್ಟ್ ಮಾತ್ರ. ಮನೆಯಲ್ಲಿರುವ ಹಳೇ ಚಾರ್ಜರನ್ನೇ ಇದಕ್ಕೆ ಸಿಕ್ಕಿಸಿದರೆ ಒಂದೊಂದು ಸೆಲ್ಲಿನ ಮೇಲೂ 4.2ರ ಬದಲು ಸುಮಾರು 4.5 ವೋಲ್ಟ್ ಬೀಳುತ್ತದೆ. ಒಳ್ಳೆಯ ಬಿಎಂಎಸ್ ಇದ್ದರೆ ಚಾರ್ಜಿಂಗ್ ಕಡಿದುಹಾಕುತ್ತದೆ. ಅಗ್ಗದ ಬಿಎಂಎಸ್ ಸೋತರೆ ಅತಿ ಚಾರ್ಜ್ ಆದ ಸೆಲ್ ಕಾಯುತ್ತ ಹೋಗುತ್ತದೆ. ಸುಮಾರು 130 ಡಿಗ್ರಿಗೆ ಎರಡು ವಿದ್ಯುದ್ವಾರಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಪರದೆ ಕರಗುತ್ತದೆ. ಆಮೇಲೆ ಸೆಲ್ಲಿನಿಂದ ಸೆಲ್ಲಿಗೆ ಬೆಂಕಿ ಹಬ್ಬುತ್ತದೆ.

ಹಳೆಯದು, ಹೊಸದು ಬೆರೆಸಿದರೂ ಇದೇ ಗತಿ. ಸಾಲಿನಲ್ಲಿ ಕಟ್ಟಿದ ಸೆಲ್ಲುಗಳಲ್ಲಿ ದುರ್ಬಲವಾದದ್ದು ಮೊದಲು ತುಂಬುತ್ತದೆ, ಮೊದಲು ಖಾಲಿಯಾಗುತ್ತದೆ. ಮಿತಿ ಮೀರಿ ಖಾಲಿಯಾದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಮರಳಿ ಚಾರ್ಜ್ ಮಾಡಿದಾಗ ಆ ತಾಮ್ರ ಮತ್ತೆ ಘನವಾಗಿ, ಒಳಗೇ ಶಾರ್ಟ್ ಆಗಬಹುದು. ಅಕ್ಕಪಕ್ಕ ಜೋಡಿಸಿದ ಸೆಲ್ಲುಗಳಲ್ಲಿ ಒಂದು ಮಾತ್ರ ಕಾಯುತ್ತಿದ್ದರೆ ಬಿಎಂಎಸ್‌ಗೆ ಅದು ಕಾಣದೇ ಹೋಗಬಹುದು. ಅದು ನೋಡುವುದು ಇಡೀ ಗುಂಪಿನ ವೋಲ್ಟೇಜನ್ನು.

ಕಾನೂನು ಏನು ಹೇಳುತ್ತದೆ

2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜ್‌ಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ಹೊಗೆಯಿಂದ ಉಸಿರುಗಟ್ಟಿ ತಂದೆ–ಮಗಳು ಸತ್ತರು. ಆ ವರ್ಷ ದೇಶದಲ್ಲಿ ಇಂಥ ಹಲವು ಘಟನೆಗಳು ನಡೆದವು. ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿ, ಎಐಎಸ್ 156 ಮತ್ತು ಎಐಎಸ್ 038 ಎಂಬ ಮಾನದಂಡಗಳನ್ನು ಬಿಗಿಗೊಳಿಸಿತು. 2022ರ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಜಾರಿಗೆ ಬಂದವು. ಸೆಲ್ ತಯಾರಾದ ತಿಂಗಳು–ವರ್ಷ ನಮೂದಿಸುವುದು, ಬಿಎಂಎಸ್ ಸುರಕ್ಷತೆ, ಒಂದು ಸೆಲ್ ಹೊತ್ತಿಕೊಂಡರೆ ಬೆಂಕಿ ಹಬ್ಬದಂತೆ ತಡೆಯುವುದು, ನೀರು ನುಗ್ಗದಂತೆ ಕಾಯುವುದು ಇವೆಲ್ಲ ಅದರಲ್ಲಿವೆ. ಕಂಪನಿಗಳು ಕಟ್ಟಿದ ಬ್ಯಾಟರಿಗೇ ಇಷ್ಟು ಪರೀಕ್ಷೆ ಬೇಕೆಂದಾದರೆ, ಯಾವ ಪರೀಕ್ಷೆಯನ್ನೂ ಕಾಣದೆ ಹಿತ್ತಲಲ್ಲಿ ಕಟ್ಟಿದ ಬ್ಯಾಟರಿಯನ್ನು ಮಲಗುವ ಕೋಣೆಯ ಪಕ್ಕ ಚಾರ್ಜ್‌ಗೆ ಹಾಕುವುದು ಎಂಥ ಸಾಹಸವೆಂದು ಯೋಚಿಸಿ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿ ನವೀಕರಿಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ‘ರಿಪೇರಿ ಮಾಡಿದ ಬ್ಯಾಟರಿ’ ಎಂದು ಮಾರುವವರನ್ನು ಆ ನೋಂದಣಿ ಪತ್ರ ಕೇಳುವುದು ನಿಮ್ಮ ಹಕ್ಕು. ಯುರೋಪ್ ಒಕ್ಕೂಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ವಿದ್ಯುತ್ ವಾಹನಗಳ ಪ್ರತಿ ಬ್ಯಾಟರಿಗೂ ಅದರ ಚರಿತ್ರೆ ತಿಳಿಸುವ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ.

ತೂಕ ನೋಡಿ, ಯೂನಿಟ್ ಎಣಿಸಿ

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. 51.2 ವೋಲ್ಟ್, 40 ಆಂಪಿಯರ್ ಗಂಟೆಯ ಎಲ್‌ಎಫ್‌ಪಿ ಬ್ಯಾಟರಿ ಕೊಂಡಿದ್ದೀರಿ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 2,048 ವ್ಯಾಟ್ ಗಂಟೆ, ಅಂದರೆ ಎರಡು ಯೂನಿಟ್ ವಿದ್ಯುತ್. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಎಲ್‌ಎಫ್‌ಪಿ ಸೆಲ್ ಕಿಲೋಗೆ 160ರಿಂದ 180 ವ್ಯಾಟ್ ಗಂಟೆ ಹಿಡಿಯುತ್ತದೆ. ಹಾಗಾದರೆ ಸೆಲ್ಲುಗಳ ತೂಕವೇ 11 ಕಿಲೋ ದಾಟಬೇಕು. ಪೆಟ್ಟಿಗೆ, ತಂತಿ, ಬಿಎಂಎಸ್ ಎಲ್ಲ ಸೇರಿಯೂ 9 ಕಿಲೋ ತೂಗಿದರೆ ಚೀಟಿಯ ಮೇಲಿನ ಸಂಖ್ಯೆ ಸುಳ್ಳು.

ತೂಕ ಸರಿಯಿದ್ದರೂ ಸೆಲ್ ಹಳೆಯದಿರಬಹುದು. ಅದಕ್ಕೆ ಎರಡನೇ ಪರೀಕ್ಷೆ. ಪ್ಲಗ್ ಮತ್ತು ಚಾರ್ಜರ್ ನಡುವೆ ಯೂನಿಟ್ ಮೀಟರ್ ಸಿಕ್ಕಿಸಿ. ಅದಿಲ್ಲವಾದರೆ ಮನೆಯ ಮಿಕ್ಕೆಲ್ಲ ಸ್ವಿಚ್ ಆರಿಸಿ ಜೆಸ್ಕಾಂ ಮೀಟರಿನ ಅಂಕಿಯನ್ನೇ ಬರೆದುಕೊಳ್ಳಿ. ವಾಹನವನ್ನು ಬಹುತೇಕ ಖಾಲಿಯಾಗುವವರೆಗೆ ಓಡಿಸಿ, ಆಮೇಲೆ ಪೂರ್ತಿ ಚಾರ್ಜ್ ಮಾಡಿ. ಚಾರ್ಜರಿನಲ್ಲಿ ಶೇ 10–15ರಷ್ಟು ನಷ್ಟವಾಗುವುದರಿಂದ ಎರಡು ಯೂನಿಟ್ಟಿನ ಬ್ಯಾಟರಿ 2.2ರಿಂದ 2.4 ಯೂನಿಟ್ ಎಳೆಯಬೇಕು. 1.4 ಯೂನಿಟ್ಟಿಗೇ ‘ಫುಲ್’ ಎಂದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ 60ರಷ್ಟು ಮಾತ್ರ. ಡ್ಯಾಶ್‌ಬೋರ್ಡ್ ಏನೇ ಹೇಳಲಿ, ಯೂನಿಟ್ ಮೀಟರಿಗೆ ಸುಳ್ಳು ಕಲಿಸಲು ಬ್ಯಾಟರಿ ಮಾರುವವರಿಂದ ಆಗದು. ಕಾರಿಗೂ ಇದೇ ಲೆಕ್ಕ. ಕೊಂಡ ವಾರದಲ್ಲೇ ಈ ಪರೀಕ್ಷೆ ಮಾಡಿ ಅಂಕಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆದರೆ ಒಂದು ಎಚ್ಚರ: ಈ ಪರೀಕ್ಷೆಗಳು ಸಾಮರ್ಥ್ಯವನ್ನಷ್ಟೇ ಹೇಳುತ್ತವೆ, ಜೋಡಣೆಯ ಸುರಕ್ಷತೆಯನ್ನಲ್ಲ. ಕಾರಿನ ಬ್ಯಾಟರಿಯನ್ನಂತೂ ನೀವಾಗಿ ಬಿಚ್ಚಲು ಹೋಗಬೇಡಿ. ಈಗಿನ ಅನೇಕ ಕಾರುಗಳಲ್ಲಿ 300 ವೋಲ್ಟ್ ದಾಟಿದ ನೇರ ವಿದ್ಯುತ್ ಇರುತ್ತದೆ.

ಕಾರು ಇರುವವರು ಮೊದಲು ವಾರಂಟಿ ಪುಸ್ತಕ ತೆಗೆದು ನೋಡಿ. ಅನೇಕ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಇಡೀ ಬ್ಯಾಟರಿಯ ಬದಲು ಕೆಟ್ಟ ಮಾಡ್ಯೂಲ್ ಮಾತ್ರ ಬದಲಿಸಲು ಸಾಧ್ಯವೇ ಎಂದೂ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿ. ಅಪಘಾತವಾದ ಕಾರಿನಿಂದ ತೆಗೆದ ಬ್ಯಾಟರಿ ಎಂದರೆ ಅದರ ಸೀರಿಯಲ್ ನಂಬರನ್ನು ಕಂಪನಿಯಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ. ಕಂಪನಿ ನೀಡಿದ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ ಎಂಬುದೂ ನೆನಪಿರಲಿ. ವಿಮೆಯ ಹಣ ಕೇಳುವಾಗ ಅದು ಅಡ್ಡ ಬರಬಹುದು.

ಹಳೆಯದಕ್ಕೂ ಕೆಲಸವಿದೆ

ಬಳಸಿದ ಬ್ಯಾಟರಿಗಳೆಲ್ಲ ಕಸವಲ್ಲ. ಬೆಂಗಳೂರಿನಲ್ಲೂ ಕೆಲಸ ಮಾಡುವ ನೂನಮ್ ಎಂಬ ಸಂಸ್ಥೆ ಆಡಿ ಇ–ಟ್ರಾನ್ ಕಾರುಗಳ ಬಳಸಿದ ಬ್ಯಾಟರಿಗಳಿಂದ ಓಡುವ ಇ–ರಿಕ್ಷಾಗಳನ್ನು 2022ರಲ್ಲಿ ರೂಪಿಸಿತು. ಭಾರದ ಕಾರಿಗೆ ಸಾಲದ ಬ್ಯಾಟರಿ ಹಗುರ ರಿಕ್ಷಾಗೆ ಸಾಕು, ಅಲ್ಲಿಯೂ ಸೋತರೆ ದೀಪ ಬೆಳಗಿಸಲು ಸಾಕು ಎಂಬುದು ಅದರ ಹಿಂದಿನ ವಿಚಾರ. ಸೌರಫಲಕದ ಜೊತೆ ಮನೆ ಬೆಳಕಿಗೆ, ಅಂಗಡಿಯ ಫ್ಯಾನಿಗೆ ಶೇ 70 ಸಾಮರ್ಥ್ಯದ ಬ್ಯಾಟರಿ ವರ್ಷಗಟ್ಟಲೆ ದುಡಿಯಬಲ್ಲದು. ಆದರೆ ಪ್ರತಿ ಸೆಲ್ಲನ್ನೂ ಅಳೆದು, ಹಳೆಯದು ಎಂದು ಹೇಳಿಯೇ ಮಾರಬೇಕು. ಹಳೆಯದನ್ನು ಹೊಸದೆಂದು ಮಾರುವುದು ಅಪರಾಧ. ಹಳೆಯದನ್ನು ಹಳೆಯದೆಂದೇ ಸರಿಯಾದ ಕೆಲಸಕ್ಕೆ ಕೊಡುವುದು ಪರಿಸರಕ್ಕೆ ಉಪಕಾರ.

ಬ್ಯಾಟರಿ ಕೊಳ್ಳುವಾಗ ಸೀರಿಯಲ್ ನಂಬರ್, ಸೆಲ್ಲಿನ ರಸಾಯನ, ಸಾಮರ್ಥ್ಯ, ತಯಾರಾದ ತಿಂಗಳು ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬೇಡಿ. ಹೊಸ ಬ್ಯಾಟರಿಗೆ ಹೊಂದುವ ಚಾರ್ಜರನ್ನು ಜೊತೆಯಲ್ಲೇ ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಸರ್ಕಾರವೂ ಒಂದು ಕೆಲಸ ಮಾಡಬೇಕು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಂಥ ಪ್ರತಿ ತಾಲ್ಲೂಕಿನ ಐಟಿಐನಲ್ಲಿ ಬ್ಯಾಟರಿಯ ಸಾಮರ್ಥ್ಯ ಮತ್ತು ರೋಧ ಅಳೆಯುವ ಯಂತ್ರವಿರಲಿ, ಅಲ್ಲಿನ ವಿದ್ಯಾರ್ಥಿಗಳಿಗೆ ಆ ಕೌಶಲ ಸಿಗಲಿ. 2017ರಲ್ಲೇ ದೇಶದಲ್ಲಿ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆ ವಾಹನ ಕೊಂಡ ಹಳ್ಳಿಯವರಿಗೆ ಮೋಸವಾಗದಂತೆ ನೋಡಿಕೊಳ್ಳುವ ಹೊಣೆಯೂ ಅದೇ ರಾಜ್ಯದ್ದು.