ಮೂಲೆಯ ಲೆಕ್ಕ

ಹೊಸ ಅಡುಗೆಮನೆ ನೋಡಲು ಬಂದವರು ಟೈಲ್ಸಿನ ಬಣ್ಣ ನೋಡುತ್ತಾರೆ. ಕೆಲಸ ಗೊತ್ತಿದ್ದವರು ಮಾತ್ರ ನೆಟ್ಟಗೆ ಮೂಲೆಗೆ ಹೋಗುತ್ತಾರೆ. ಎರಡು ಗೋಡೆ ಕೂಡುವಲ್ಲಿ, ಕಿಟಕಿಯ ಮಗ್ಗುಲಲ್ಲಿ, ಟೈಲ್ಸ್ ಮುಗಿದು ಪೇಂಟ್ ಶುರುವಾಗುವಲ್ಲಿ ಒಮ್ಮೆ ಬೆರಳಾಡಿಸಿ, ‘ಯಾರು ಮಾಡಿದ್ದು?’ ಎಂದು ಕೇಳುತ್ತಾರೆ. ನಡುಗೋಡೆಯಲ್ಲಿ ಸ್ಪೇಸರ್ ಇಟ್ಟು ಒಂದರ ಪಕ್ಕ ಒಂದು ಕೂರಿಸುವುದನ್ನು ಚುರುಕಾದ ಹುಡುಗ ಬೇಗ ಕಲಿತುಬಿಡುತ್ತಾನೆ. ಅವನು ಮೇಸ್ತ್ರಿ ಅನ್ನಿಸಿಕೊಳ್ಳುವುದು ಅಂಚಿನ ಕೆಲಸ ಕೈಗೆ ಹತ್ತಿದ ಮೇಲೆ.

ಅಡುಗೆ ಕಟ್ಟೆಯ ಮೇಲಿನ ಗೋಡೆಗೆ ಹಾಕುವ ಟೈಲ್ಸಿಗೆ ನಮ್ಮ ಕಟ್ಟಡದವರು ‘ಡ್ಯಾಡೋ’ ಎನ್ನುತ್ತಾರೆ. ಅಂದಚೆಂದ ಆಮೇಲಿನ ಮಾತು, ಮೊದಲು ಅದು ಒಗ್ಗರಣೆಗೆ ಅಡ್ಡ ನಿಲ್ಲಬೇಕು. ಸಾಸಿವೆಯ ಜೊತೆ ಸಿಡಿಯುವ ಎಣ್ಣೆ, ಕುಕ್ಕರ್ ಕೂಗಿದಾಗ ಹಾರುವ ಬೇಳೆಕಟ್ಟು, ಅರಿಸಿನ, ಸಿಂಕಿನ ನೀರು ಎಲ್ಲವೂ ಅದರ ಪಾಲು. ಮುಂಚೆ ಇಂಥ ಗೋಡೆಗಳಿಗೆ ನಾಲ್ಕು, ಆರು ಇಂಚಿನ ಬಿಳಿ ಚೌಕಗಳು ಬರುತ್ತಿದ್ದವು. ಸಣ್ಣ ಟೈಲ್ಸ್ ಗೋಡೆಯ ಸೊಟ್ಟವನ್ನು ಹತ್ತಾರು ಸಂದುಗಳಲ್ಲಿ ಹಂಚಿ ಮರೆಸಿಬಿಡುತ್ತಿತ್ತು. ಈಗ ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವುದು 12×18, 12×24 ಇಂಚಿನವು. ಹಾಳೆ ದೊಡ್ಡದಾದಷ್ಟೂ ಗಿಲಾವಿನವನ ತಪ್ಪು ಎದ್ದು ಕಾಣುತ್ತದೆ.

ಗೋಡೆ ನೆಟ್ಟಗಿದೆ ಎಂದು ನಂಬುವುದೇ ಮೊದಲ ಎಡವಟ್ಟು. ಮೂಲೆಯಿಂದ ಒಂದು ಗೋಡೆಯಲ್ಲಿ ಮೂರು ಅಡಿಗೆ, ಇನ್ನೊಂದರಲ್ಲಿ ನಾಲ್ಕು ಅಡಿಗೆ ಗುರುತು ಹಾಕಿ ಓರೆಯಾಗಿ ಅಳೆದರೆ ಸರಿಯಾಗಿ ಐದು ಅಡಿ ಬರಬೇಕು. ಹೆಚ್ಚು ಬಂದರೆ ಮೂಲೆ ಬಾಯಿ ತೆರೆದಿದೆ, ಕಡಿಮೆಯಾದರೆ ಮುಚ್ಚಿಕೊಂಡಿದೆ. ತೂಗುಗುಂಡು ಇಳಿಬಿಟ್ಟರೆ ಗೋಡೆ ವಾಲಿದ್ದು ಗೊತ್ತಾಗುತ್ತದೆ. ಐದಾರು ಮಿಲಿಮೀಟರ್ ವಾಲಿದ ಮೂಲೆಯಲ್ಲಿ ಅರ್ಧ ಟೈಲ್ ಅಗಲದ ತುಂಡು ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಮೂಲೆಗೆ ಎರಡಿಂಚಿನ ಪಟ್ಟಿ ಬಂತೆನ್ನಿ, ಮೇಲೆ ದಪ್ಪ ಕೆಳಗೆ ಸಣ್ಣ ಆಗಿ ಬಾಗಿಲಿಂದಲೇ ಕಾಣುತ್ತದೆ.

ಹಾಗಾಗಿ ಒಳ್ಳೆಯ ಮೇಸ್ತ್ರಿ ಕಟ್ಟರ್ ಮುಟ್ಟುವ ಮೊದಲು ಪೆನ್ಸಿಲ್ ಹಿಡಿಯುತ್ತಾನೆ. ಗೋಡೆ 111 ಇಂಚು ಉದ್ದ, ಟೈಲ್ 18 ಇಂಚು ಎಂದುಕೊಳ್ಳೋಣ. ಒಂದು ತುದಿಯಿಂದ ಹೊರಟರೆ ಆರು ಪೂರ್ತಿ ಟೈಲ್ಸ್ 108 ಇಂಚು ತಿನ್ನುತ್ತವೆ, ಉಳಿಯುವುದು ಮೂರೇ ಇಂಚು. ಸಂದುಗಳನ್ನು ಸೇರಿಸಿದರೆ ಅದೂ ಇಲ್ಲ. ಒಂದು ಟೈಲ್ ಕಡಿಮೆ ಮಾಡಿ ಐದನ್ನು ನಡುವೆ ಕೂರಿಸಿದರೆ ಎರಡೂ ತುದಿಗೆ ಸುಮಾರು ಹತ್ತೂವರೆ ಇಂಚು ಸಿಗುತ್ತದೆ. ಒಂದು ಟೈಲ್ ಹೆಚ್ಚಿಗೆ ಕತ್ತರಿಸಬೇಕು, ಅಷ್ಟೇ. ಆದರೆ ಎಲ್ಲದಕ್ಕೂ ನಡುವಿನ ಗೆರೆಯೇ ಮಂತ್ರವಲ್ಲ. ಒಲೆಯ ಹಿಂದೆ ಚಿಮಣಿ ಬರುವುದಾದರೆ ಕಣ್ಣು ನಿಲ್ಲುವುದೇ ಅಲ್ಲಿ, ಅಳತೆಯೂ ಅಲ್ಲಿಂದಲೇ ಹೊರಡಲಿ. ಇಟ್ಟಿಗೆ ಕಟ್ಟಿದ ಹಾಗೆ ಅರ್ಧರ್ಧ ಸರಿಸಿ ಕೂರಿಸುವ ವಿನ್ಯಾಸದಲ್ಲಿ, ಈ ಗೋಡೆಯ ತುದಿಯಲ್ಲಿ ಕತ್ತರಿಸಿ ಉಳಿದ ತುಂಡು ಪಕ್ಕದ ಗೋಡೆಯ ಅದೇ ಸಾಲಿನಲ್ಲಿ ಮೊದಲನೆಯದಾಗಬೇಕು. ಆಗ ಸಾಲು ಮೂಲೆಯಲ್ಲಿ ಮಡಚಿಕೊಂಡು ಹೋದಂತೆ ಕಾಣುತ್ತದೆ.

ಎತ್ತರದ ಲೆಕ್ಕ ತಪ್ಪುವುದು ಬೇರೆ ಕಾರಣಕ್ಕೆ. ಕಟ್ಟೆಯಿಂದ ಮೇಲಿನ ಕಪಾಟಿಗೆ ಎರಡಡಿ ಎಂದು ಹನ್ನೆರಡಿಂಚಿನ ಎರಡು ಸಾಲು ಹಾಕಿ ಮುಗಿಸುತ್ತಾರೆ. ಮಾಡ್ಯುಲರ್ ಕಿಚನ್‌ನವರು ಆಮೇಲೆ ಬಂದು ಕಪಾಟನ್ನು ಎರಡಿಂಚು ಮೇಲೆ ಕೂರಿಸುತ್ತಾರೆ. ನಡುವೆ ಒಂದು ಪೇಂಟಿನ ಪಟ್ಟಿ, ಅದರ ಮೇಲೆ ಆರು ತಿಂಗಳಲ್ಲಿ ಎಣ್ಣೆಯ ಜಿಡ್ಡು. ಟೈಲ್ಸನ್ನು ನಾಲ್ಕಿಂಚು ಕಪಾಟಿನ ಹಿಂದಕ್ಕೇ ಏರಿಸಿಬಿಟ್ಟರೆ ಆ ತಕರಾರೇ ಇಲ್ಲ. ಇನ್ನು ಗ್ರಾನೈಟ್ ಕಟ್ಟೆ ಮಟ್ಟವಾಗಿದೆ ಎಂದು ಮೊದಲ ಸಾಲನ್ನು ಅದರ ಮೇಲೆ ನೇರ ಕೂರಿಸುವುದೂ ಬೇಡ. ರಸಮಟ್ಟ ಇಟ್ಟು ಗೆರೆ ಎಳೆದು, ವ್ಯತ್ಯಾಸವನ್ನು ಕೆಳಸಾಲಿನ ಬುಡದಲ್ಲಿ ಸವೆಸಿಕೊಳ್ಳಬೇಕು.

ಒಳಮೂಲೆಯಲ್ಲಿ ಯಾವ ಗೋಡೆ ಮೊದಲು ಎಂಬುದಕ್ಕೂ ಕ್ರಮವಿದೆ. ಬಾಗಿಲಿಗೆ ಎದುರಾದ ಗೋಡೆಯನ್ನು ಮೊದಲು ಮುಗಿಸಿ, ಪಕ್ಕದ ಗೋಡೆಯ ಟೈಲ್ಸ್ ಅದಕ್ಕೆ ಬಂದು ತಾಗುವಂತೆ ಮಾಡಿದರೆ ಒಳಬರುವವರಿಗೆ ಸಂದು ಕಾಣುವುದಿಲ್ಲ. ತಾಗುವಂತೆ ಎಂದರೆ ಒತ್ತಿ ಕೂರಿಸುವುದಲ್ಲ, ಎರಡು ಮಿಲಿಮೀಟರ್ ಬಿಡಬೇಕು. ಆ ಜಾಗಕ್ಕೆ ವೈಟ್ ಸಿಮೆಂಟ್ ತುಂಬುವ ಅಭ್ಯಾಸ ನಮ್ಮಲ್ಲಿ ಗಟ್ಟಿ. ಆದರೆ ಎರಡು ಗೋಡೆಗಳು ಬಿಸಿಗೆ, ತೇವಕ್ಕೆ ಬೇರೆಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ, ಸಿಮೆಂಟು ಬಗ್ಗುವುದಿಲ್ಲ. ಕೂದಲೆಳೆ ಬಿರುಕು ಬರುತ್ತದೆ, ನೀರಿಳಿಯುತ್ತದೆ, ಹಿಂದೆಯೇ ಜಿರಳೆ. ಒಳಮೂಲೆಗೂ ಕಟ್ಟೆ ಗೋಡೆ ಕೂಡುವ ಗೆರೆಗೂ ಉಳಿದ ಸಂದುಗಳಿಗೆ ತುಂಬಿದ ಗ್ರೌಟಿನದೇ ಬಣ್ಣದ ಸಿಲಿಕೋನ್ ಬೇಕು. ಅದೂ ಕೆಲವು ವರ್ಷಕ್ಕೆ ಹಳೆಯದಾಗುತ್ತದೆ, ಕೆರೆದು ತೆಗೆದು ಹೊಸದು ಹಾಕಬಹುದು.

ನಿಜವಾದ ಪರೀಕ್ಷೆ ಹೊರಮೂಲೆಯದು: ಕಿಟಕಿಯ ಒಳಮಗ್ಗುಲು, ಹೊರಚಾಚಿದ ಕಂಬ. ಇಲ್ಲಿ ಟೈಲ್ಸಿನ ಕಡಿದ ಅಂಚು ಬಯಲಾಗುತ್ತದೆ. ಜನ ಹೆಚ್ಚಾಗಿ ಕೇಳುವುದು 45 ಡಿಗ್ರಿ ಕಟಿಂಗ್. ಎರಡೂ ಟೈಲ್ಸಿನ ಬೆನ್ನನ್ನು ಓರೆಯಾಗಿ ಉಜ್ಜಿ ಮೂಗಿಗೆ ಮೂಗು ಸೇರಿಸುವುದು. ಮಾಡಿದ ದಿನ ಅದರಷ್ಟು ಚೆಂದ ಬೇರೆ ಇಲ್ಲ. ಆದರೆ ಗೋಡೆಗೆ ಹಾಕುವ ಸೆರಾಮಿಕ್ ಟೈಲ್ಸಿನಲ್ಲಿ ಗಟ್ಟಿ ಇರುವುದು ಮೇಲಿನ ತೆಳು ಗ್ಲೇಜ್ ಪದರ, ಒಳಗಿನ ಮಣ್ಣು ಮೆದು. ಗ್ಲೇಜಿನವರೆಗೂ ಚೂಪಾಗಿ ಉಜ್ಜಿದರೆ ಅದು ಹಪ್ಪಳದ ಅಂಚು; ಕುಕ್ಕರ್ ತಾಗಿದರೆ ಎಗರಿ ಒಳಗಿನ ಮಣ್ಣು ಕಾಣುತ್ತದೆ. ಒಂದು ಮಿಲಿಮೀಟರಿನಷ್ಟು ದಪ್ಪ ಬಿಟ್ಟು ಉಜ್ಜಿ, ಕೂಡಿದ ಮೇಲೆ ಮೊನೆಯನ್ನು ನುಣ್ಣನೆಯ ಕಲ್ಲಿನಿಂದ ತುಸು ಮುರಿಯುವವನೇ ಕೈಗಾರ. ಮೈಪೂರ್ತಿ ಒಂದೇ ಬಣ್ಣದ ವಿಟ್ರಿಫೈಡ್ ಟೈಲ್ಸಿಗೆ ಈ ಕಟಿಂಗ್ ಹೆಚ್ಚು ಒಗ್ಗುತ್ತದೆ.

ಅಲ್ಯೂಮಿನಿಯಂ ಅಥವಾ ಸ್ಟೀಲ್ ಪ್ರೊಫೈಲ್ ಪಟ್ಟಿ ಇನ್ನೊಂದು ದಾರಿ. ಅದರ ರೆಕ್ಕೆ ಟೈಲ್ಸಿನ ಹಿಂದೆ ಅಂಟಿನೊಳಗೆ ಹುದುಗಬೇಕಾದ್ದರಿಂದ ಟೈಲ್ಸ್ ಕೂರಿಸುವಾಗಲೇ ಕೈಯಲ್ಲಿರಬೇಕು, ಟೈಲ್ಸಿನ ದಪ್ಪಕ್ಕೆ ಹೊಂದಬೇಕು. ನನ್ನನ್ನು ಕೇಳಿದರೆ ಕಿಟಕಿಗೆ ಗ್ರಾನೈಟ್ ಚೌಕಟ್ಟೇ ಸರಿ. ಕಟ್ಟೆಗೆ ತಂದ ಕಲ್ಲಿನದೇ ಪಟ್ಟಿಯನ್ನು ಹಾಫ್ ರೌಂಡ್ ಪಾಲಿಶ್ ಮಾಡಿಸಿ ಸುತ್ತ ಕೂರಿಸಿದರೆ ಟೈಲ್ಸ್ ಅದಕ್ಕೆ ಬಂದು ನಿಲ್ಲುತ್ತದೆ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪು ಇರುವ ನಾಡಿನಲ್ಲಿ, ಜಿಗಣಿಯಲ್ಲಿ ಕಲ್ಲು ಕೊಯ್ಯುವ ಕಾರ್ಖಾನೆಗಳಿರುವಾಗ, ಪ್ಲಾಸ್ಟಿಕ್ ಬೀಡಿಂಗ್ ಯಾಕೆ ಹುಡುಕಬೇಕೋ ತಿಳಿಯದು.

ಗೋಡೆಯ ನಡುವೆಯೇ ಟೈಲ್ಸ್ ನಿಲ್ಲುವ ಕಡೆ, ಕಟ್ಟೆಯ ಮುಂಚಾಚು ಮುಗಿಯುವಲ್ಲಿಗೆ ತೂಗುಗುಂಡಿನ ಗೆರೆ ಎಳೆದು ಅಲ್ಲೇ ನಿಲ್ಲಿಸಿದರೆ ಸಾಕು. ಕಾರ್ಖಾನೆಯ ಅಂಚು ಹೊರಗೆ, ಕತ್ತರಿಸಿದ ಅಂಚು ಮೂಲೆಗೆ. ಸ್ವಿಚ್ ಬೋರ್ಡ್ ಸಂದಿಗೋ ಟೈಲಿನ ನಡುವಿಗೋ ಬರಲಿ. ಎಲ್ ಆಕಾರದಲ್ಲಿ ಕತ್ತರಿಸುವಾಗ ಒಳಮೂಲೆಗೆ ಮೊದಲು ಡ್ರಿಲ್‌ನಿಂದ ಸಣ್ಣ ತೂತು ಹಾಕಿಕೊಂಡರೆ ಅಲ್ಲಿಂದ ಸೀಳು ಓಡುವುದಿಲ್ಲ.

ಅಂಚು ಒಡೆಯಲು ಕಾರಣ ಹಲವು ಸಲ ಟೈಲ್ಸಿನ ಹಿಂದೆ ಇರುತ್ತದೆ. ಸಿಮೆಂಟಿನ ಉಂಡೆಯನ್ನು ನಡುವಿಗೆ ಹಚ್ಚಿ ಗೋಡೆಗೆ ಒತ್ತಿದರೆ ನಾಲ್ಕು ಮೂಲೆಯೂ ಟೊಳ್ಳು. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದೇ ಹೇಳುತ್ತದೆ. ನೀರು ಹೀರುವ ಸೆರಾಮಿಕ್ ಟೈಲ್ಸ್ ನೆನೆಸಿ ಸಿಮೆಂಟಿನಲ್ಲಿ ಕೂರಿಸಿದರೆ ನಿಲ್ಲುತ್ತದೆ. ವಿಟ್ರಿಫೈಡ್ ಹೀರುವುದು ಶೇ 0.5ಕ್ಕಿಂತ ಕಡಿಮೆ, ಅದಕ್ಕೆ ಟೈಲ್ ಅಂಟೇ ಬೇಕು. ಚೀಲದ ಮೇಲೆ ಐಎಸ್ 15477 ಎಂಬ ಗುರುತು ನೋಡಿಕೊಳ್ಳಿ. ಹಲ್ಲುಕರಣೆಯಿಂದ ಗೋಡೆಗೆ ಎಳೆದು, ತುದಿಯ ತುಂಡುಗಳ ಬೆನ್ನಿಗೂ ತೆಳುವಾಗಿ ಹಚ್ಚಬೇಕು.

ಇಷ್ಟೆಲ್ಲ ಗೊತ್ತಿದ್ದೂ ಮೂಲೆಗಳು ಕೆಡುವುದೇಕೆ? ಕೂಲಿಯ ಲೆಕ್ಕದಿಂದ ಎಂಬುದು ನನ್ನ ಅನುಮಾನ. ನಾವು ಕೊಡುವುದು ಚದರಡಿಗೆ. ನಡುಗೋಡೆಯಲ್ಲಿ ಹತ್ತು ಟೈಲ್ಸ್ ಕೂರಿಸುವ ಹೊತ್ತಿನಲ್ಲಿ ಕಿಟಕಿಯ ಒಂದು ಮಗ್ಗುಲೂ ಮುಗಿಯುವುದಿಲ್ಲ, ಚದರಡಿಯಲ್ಲಿ ಅದು ಎರಡೂ ಆಗುವುದಿಲ್ಲ. ಸಂಜೆಯೊಳಗೆ ಕೂಲಿ ಗಿಟ್ಟಿಸಬೇಕಾದವನು ಮೂಲೆಗೆ ಕೈಗೆ ಸಿಕ್ಕ ತುಂಡು ತುರುಕಿದರೆ ಬೈಯುವುದು ಹೇಗೆ? ಕರಾರಿನಲ್ಲಿ ಹಾಫ್ ರೌಂಡ್ ಪಾಲಿಶ್, ಪ್ರೊಫೈಲ್, ಕಿಟಕಿ ಮಗ್ಗುಲನ್ನು ರನ್ನಿಂಗ್ ಅಡಿಗೆ ಇಷ್ಟು ಎಂದು ಬೇರೆಯಾಗಿ ಬರೆಸಿ, ಗುರುತು ಹಾಕುವ ಅರ್ಧ ದಿನಕ್ಕೂ ಕೂಲಿ ಸೇರಿಸಿ. ಟೈಲ್ಸ್ ಕೊಳ್ಳುವಾಗ ಪೆಟ್ಟಿಗೆಗಳ ಬ್ಯಾಚ್ ನಂಬರ್ ಒಂದೇ ಇರಲಿ, ಕತ್ತರಿಸಿದ್ದರಲ್ಲಿ ವ್ಯರ್ಥವಾಗುವುದಕ್ಕೆ ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ತನ್ನಿ, ಉಳಿದ ನಾಲ್ಕೈದನ್ನು ಅಟ್ಟದಲ್ಲಿಡಿ. ಮುಂದಿನ ವರ್ಷ ಅದೇ ಹೆಸರಿನ ಟೈಲ್ ಅಂಗಡಿಯಲ್ಲಿ ಸಿಕ್ಕರೂ ಬಣ್ಣ ಒಂದು ಛಾಯೆ ಆಚೀಚೆ ಇರುತ್ತದೆ.