ಜ್ಞಾನದ ಅರವಟ್ಟಿಗೆ

ಬೇಸಗೆಯಲ್ಲಿ ನಮ್ಮ ಕಡೆಯ ಹಾದಿಗಳಲ್ಲಿ ನಡೆದವರಿಗೆ ಅರವಟ್ಟಿಗೆಯ ಪರಿಚಯ ಇದ್ದೇ ಇರುತ್ತದೆ. ಮರದಡಿಯಲ್ಲೊಂದು ಚಪ್ಪರ, ಮರಳಿನ ಮೇಲೆ ಕೂರಿಸಿದ ಮಣ್ಣಿನ ಗುಡಾಣ, ಅದರ ಮೇಲೊಂದು ಲೋಟ. ಇಟ್ಟವರು ಯಾರೆಂದು ಕುಡಿದವನಿಗೆ ತಿಳಿಯದು. ಕುಡಿದವರು ಯಾರೆಂದು ಇಟ್ಟವನಿಗೆ ತಿಳಿಯದು. ನೀರಿನ ವಿಷಯದಲ್ಲಿ ಇದು ನಮಗೆ ಸಹಜವೆನಿಸುತ್ತದೆ. ಆದರೆ ವರ್ಷಗಟ್ಟಲೆ ಓದಿ, ದುಡಿದು ಗಳಿಸಿದ ತಿಳಿವಳಿಕೆಯನ್ನೂ ಜನರು ಹೀಗೆಯೇ, ಹೆಸರು ಊರು ಅರಿಯದವರಿಗಾಗಿ, ಅಂತರಜಾಲದ ಹಾದಿಯಲ್ಲಿ ಇಟ್ಟು ಹೋಗುತ್ತಿದ್ದಾರೆ. ಏತಕ್ಕಾಗಿ? ಈ ಪ್ರಶ್ನೆಯನ್ನು ಕುರಿತು ನನಗೆ ತಿಳಿದಷ್ಟನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಪ್ರಶ್ನೆ ಮೂಲತಃ ನನ್ನದಲ್ಲ, ನಮ್ಮ ಅವ್ವನದು. ಕಳೆದ ವರ್ಷ ಅರ್ಥಶಾಸ್ತ್ರದ ಪರೀಕ್ಷೆಗೆ ಓದುವಾಗ ಬೆಲೆ ಸೂಚ್ಯಂಕದ ಎರಡು ವಿಧಾನಗಳಾದ ಲ್ಯಾಸ್ಪೇಯರ್ ಮತ್ತು ಪಾಶೆ ಸೂತ್ರಗಳ ವ್ಯತ್ಯಾಸ ನನ್ನ ತಲೆಗೆ ಹತ್ತಲೇ ಇಲ್ಲ. ರಜೆಯಲ್ಲಿ ಊರಿನಲ್ಲಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಕೇಳೋಣವೆಂದರೆ ಯಾರೂ ಇರಲಿಲ್ಲ. ಪ್ರಶ್ನೆಯನ್ನು ಮೊಬೈಲಿನಲ್ಲಿ ಬರೆದು ಮಲಗಿದೆ. ಬೆಳಗಾಗುವಷ್ಟರಲ್ಲಿ ಯಾರೋ ಉತ್ತರ ಬರೆದಿದ್ದರು. ಹಿಂದಿನ ವರ್ಷ ಸಂತೆಯಿಂದ ತಂದ ಚೀಲವನ್ನೇ ಇಂದಿನ ಬೆಲೆಯಲ್ಲಿ ತುಂಬಿಸಿದರೆ ಎಷ್ಟಾದೀತು ಎಂದು ನೋಡುವುದು ಮೊದಲನೆಯದು. ಇಂದು ತಂದ ಚೀಲವನ್ನು ಹಿಂದಿನ ವರ್ಷದ ಬೆಲೆಯಲ್ಲಿ ತುಂಬಿಸಿದ್ದರೆ ಎಷ್ಟಾಗುತ್ತಿತ್ತು ಎಂದು ನೋಡುವುದು ಎರಡನೆಯದು. ಹಳೆಯ ಚೀಲ, ಹೊಸ ಚೀಲ, ಅಷ್ಟೆ! ನಾನು ಕೃತಜ್ಞತೆ ಹೇಳಿ ಬರೆದೆ. ಅದಕ್ಕೆ ಮರುಮಾತು ಬರಲಿಲ್ಲ. ಆ ಪುಣ್ಯಾತ್ಮರು ಯಾರೆಂದು ಇಂದಿಗೂ ನನಗೆ ತಿಳಿಯದು.

ಈ ಸಂಗತಿಯನ್ನು ಹೇಳಿದಾಗ ಅವ್ವ ರಾಗಿ ಕೇರುವುದನ್ನು ನಿಲ್ಲಿಸಿ, “ಅವರಿಗೇನು ಬಂತು ಮಗಾ ಇದರಿಂದ? ಪುಕ್ಕಟೆ ಕೊಡೋರ ಹಿಂದೆ ಏನೋ ಇರ್ತದೆ, ಹುಷಾರು” ಎಂದಳು. ಮೊಬೈಲಿನ ಮೂಲಕ ಹಣ ಕಳೆದುಕೊಂಡವರ ಕಥೆಗಳು ಊರೂರಲ್ಲಿ ಹಬ್ಬಿರುವ ಈ ಕಾಲದಲ್ಲಿ ಅವಳ ಸಂಶಯ ಸಲ್ಲದ್ದೆಂದು ಹೇಳಲಾರೆ. ಅವಳು ಬಲ್ಲ ಕೊಡುಕೊಳೆ ಮುಯ್ಯಿಯದು. ಇಂದು ನಿಮ್ಮ ಹೊಲದ ಕಳೆಗೆ ನಾವು ಬಂದರೆ ನಾಳೆ ನಮ್ಮ ಹೊಲದ ಕಳೆಗೆ ನೀವು ಬರಬೇಕು. ಮುಯ್ಯಾಳಿನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಆದರೆ ಮುಯ್ಯಿ ನಡೆಯುವುದು ಮುಖ ಬಲ್ಲವರ ನಡುವೆ. ಅಪರಿಚಿತನಿಗೆ ಮಾಡಿದ ಉಪಕಾರಕ್ಕೆ ಮುಯ್ಯಿ ಎಲ್ಲಿಂದ ಬರಬೇಕು?

ಮೊದಲಿಗೆ ಒಂದು ಮಾತನ್ನು ಹೇಳಬೇಕು: ಇದು ಅಂತರಜಾಲದೊಡನೆ ಹುಟ್ಟಿದ ಗುಣವಲ್ಲ. ಹತ್ತನೆಯ ಶತಮಾನದಲ್ಲಿ ನಮ್ಮ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಗಳಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಇಂಗ್ಲೆಂಡಿನಲ್ಲಿ 1857ರಲ್ಲಿ ಆಲೋಚನೆಗೆ ಬಂದು 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ನಿಘಂಟಿಗೆ ಶಬ್ದಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಅಂಚೆಯಲ್ಲಿ ಕಳಿಸಿದವರು ಬಹುಮಟ್ಟಿಗೆ ಸಂಬಳವಿಲ್ಲದ ಸಾಮಾನ್ಯ ಓದುಗರು. ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಸಾರ್ವಜನಿಕ ವಿನಂತಿ ಹೊರಡಿಸಿ ಅಂಥವರನ್ನು ಕರೆದಿದ್ದ. ಅಂತರಜಾಲ ಮಾಡಿದ್ದು ಇಷ್ಟೆ: ಓಲೆಗರಿಯ ಶ್ರಮವನ್ನೂ ಅಂಚೆಯ ವೆಚ್ಚವನ್ನೂ ಇಲ್ಲವೆನ್ನುವಷ್ಟು ಇಳಿಸಿತು.

ಇದರ ಪರಿಣಾಮ ಸಣ್ಣದಲ್ಲ. 2000ದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು ನ್ಯೂಪೀಡಿಯ ಎಂಬ ವಿಶ್ವಕೋಶವನ್ನು ಆರಂಭಿಸಿದರು. ಅಲ್ಲಿ ಪ್ರತಿ ಲೇಖನವೂ ವಿದ್ವಾಂಸರ ಪರಿಶೀಲನೆಯ ಹಲವು ಹಂತಗಳನ್ನು ದಾಟಬೇಕಾಗಿತ್ತು. ಕೆಲಸ ಕುಂಟುತ್ತ ಸಾಗಿತು. 2001ರ ಜನವರಿ 15ರಂದು, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬ ನಿಯಮದ ಮೇಲೆ ವಿಕಿಪೀಡಿಯವನ್ನು ತೆರೆದರು. ಇಂದು ಅದರ ಇಂಗ್ಲಿಷ್ ಲೇಖನಗಳೇ 60 ಲಕ್ಷವನ್ನು ಮೀರಿವೆ. ಬರೆದವರಿಗೆ ಅದು ಸಂಬಳ ಕೊಡುವುದಿಲ್ಲ. ಇದಕ್ಕೆ ಪ್ರತಿಯಾಗಿ 2002ರಲ್ಲಿ ಗೂಗಲ್ ಸಂಸ್ಥೆ ಹಣ ಪಡೆದು ಪ್ರಶ್ನೆಗಳಿಗೆ ಉತ್ತರ ಒದಗಿಸುವ ಏರ್ಪಾಡೊಂದನ್ನು ಆರಂಭಿಸಿ, 2006ರಲ್ಲಿ ಅದನ್ನು ನಿಲ್ಲಿಸಿತು. ಉಚಿತವಾಗಿ ನಡೆದವೆಲ್ಲ ಉಳಿದವೆಂದೇನೂ ಅಲ್ಲ. ಆದರೆ ಹಣವಿಲ್ಲದೆ ಇಂಥ ಕೆಲಸ ನಡೆಯಲಾರದೆಂಬ ಮಾತು ಸುಳ್ಳೆಂಬುದಂತೂ ಸ್ಪಷ್ಟ.

ಇನ್ನು ಕಾರಣಗಳಿಗೆ ಬರೋಣ. ಮೊದಲನೆಯದು ವಸ್ತುವಿನ ಸ್ವಭಾವದಲ್ಲಿಯೇ ಇದೆ. ಒಂದು ಸೇರು ರಾಗಿ ಕೊಟ್ಟರೆ ನನ್ನಲ್ಲಿ ಒಂದು ಸೇರು ಕಡಿಮೆಯಾಗುತ್ತದೆ. ಸೂತ್ರವೊಂದನ್ನು ಹೇಳಿಕೊಟ್ಟರೆ ನನ್ನಲ್ಲಿ ಏನೂ ಕಡಿಮೆಯಾಗದು. ಹೇಳಿಕೊಡುವಾಗ ನನ್ನ ತಿಳಿವಳಿಕೆಯ ತೂತುಗಳು ನನಗೇ ಕಂಡು, ಅದು ಗಟ್ಟಿಯಾಗುವುದೂ ಉಂಟು. ಖರ್ಚಾಗುವುದು ಹೊತ್ತು ಮಾತ್ರ. ಕೆಲಸ ಸಣ್ಣ ಸಣ್ಣ ತುಂಡುಗಳಾಗಿ ಒಡೆದಿರುವುದರಿಂದ, ಒಬ್ಬನು ಹತ್ತು ನಿಮಿಷದಲ್ಲಿ ಒಂದು ಇಸವಿಯನ್ನು ತಿದ್ದಿ ಎದ್ದು ಹೋಗಬಹುದು. ಹನಿಗೂಡಿದರೆ ಹಳ್ಳವೆಂಬುದು ಇಲ್ಲಿ ಅಕ್ಷರಶಃ ನಿಜ.

ಎರಡನೆಯದು ಕೆಲಸದ ಸಂತೋಷ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ತುಂಡುಗಳನ್ನು ಜೋಡಿಸುವ ಒಗಟನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಕೆಲವರಿಗೆ ನಡುವೆ ಹಣ ಕೊಟ್ಟು ಮತ್ತೆ ನಿಲ್ಲಿಸಿದಾಗ, ಅಂಥವರು ಬಿಡುವಿನ ವೇಳೆಯಲ್ಲಿ ಒಗಟಿನತ್ತ ತೋರುವ ಆಸಕ್ತಿ ಕುಗ್ಗಿದುದು ಕಂಡುಬಂತು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಕೂಲಿ ಕಟ್ಟಿದರೆ ಪ್ರೀತಿ ಹೋಗಿ ಕೂಲಿಯಷ್ಟೇ ಉಳಿಯುವ ಅಪಾಯವುಂಟು.

ಮೂರನೆಯದು ಮನ್ನಣೆ. ಕೊಡುವವರೆಲ್ಲ ವಿರಾಗಿಗಳೆಂದು ಹೇಳಿದರೆ ಅದು ಆತ್ಮವಂಚನೆ. ವಿಕಿಪೀಡಿಯದಲ್ಲಿ ಒಬ್ಬರ ಕೆಲಸ ಮೆಚ್ಚಿ ಮತ್ತೊಬ್ಬರು ‘ಬಾರ್ನ್‌ಸ್ಟಾರ್’ ಎಂಬ ನಕ್ಷತ್ರದ ಚಿತ್ರವನ್ನು ಕೊಡುವ ವಾಡಿಕೆಯಿದೆ. ಅದಕ್ಕೆ ಕಾಸಿನ ಬೆಲೆಯೂ ಇಲ್ಲ. ಆದರೂ ಚೆನ್ನಾಗಿ ದುಡಿಯುತ್ತಿದ್ದ ಕೆಲವರಿಗೆ ಅದನ್ನು ಕೊಟ್ಟು, ಉಳಿದವರಿಗೆ ಕೊಡದೆ ಹೋಲಿಸಿ ನೋಡಿದ 2012ರ ಅಧ್ಯಯನವೊಂದರಲ್ಲಿ, ಪಡೆದವರು ಉಳಿದವರಿಗಿಂತ ಗಣನೀಯವಾಗಿ ಹೆಚ್ಚು ದುಡಿದರೆಂದು ತಿಳಿದುಬಂತು. ಬಲ್ಲವರ ಒಂದು ‘ಭೇಷ್’ ಎಂಬ ಮಾತಿಗೆ ಮನುಷ್ಯ ಎಷ್ಟು ಹಸಿದಿರುತ್ತಾನೆ!

ನಾಲ್ಕನೆಯದು ಋಣ. ಒಬ್ಬರಿಂದ ಪಡೆದದ್ದನ್ನು ಅವರಿಗೇ ಹಿಂದಿರುಗಿಸಲು ಆಗದಿದ್ದಾಗ ಮುಂದಿನವನಿಗೆ ಕೊಟ್ಟು ಮನಸ್ಸು ಹಗುರ ಮಾಡಿಕೊಳ್ಳುತ್ತೇವೆ. ಇದು ನೇರವಾದ ಮುಯ್ಯಿಯಲ್ಲ. ಊರೆಲ್ಲ ಸುತ್ತಿ ಬರುವ ಮುಯ್ಯಿ. ಐದನೆಯದು ನಂಬಿಕೆ. ತಾನು ಪುಕ್ಕಟೆ ಕೊಟ್ಟದ್ದನ್ನು ಇನ್ನೊಬ್ಬನು ಬೇಲಿ ಹಾಕಿ ತನ್ನದೆನ್ನುವುದಿಲ್ಲವೆಂಬ ಭರವಸೆ ಕೊಡುವವನಿಗೆ ಬೇಕು. 1983ರಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯವನ್ನು ಸಾರಿದ ರಿಚರ್ಡ್ ಸ್ಟಾಲ್ಮನ್, 1989ರಲ್ಲಿ ಇದಕ್ಕಾಗಿಯೇ ಒಂದು ಪರವಾನಗಿಯನ್ನು ರೂಪಿಸಿದ: ಬಳಸಿ, ತಿದ್ದಿ, ಹಂಚಿ; ಆದರೆ ಹಂಚುವಾಗ ಇದೇ ಹಕ್ಕನ್ನು ಮುಂದಿನವರಿಗೂ ಕೊಡಿ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಮರುವರ್ಷ ಆ ಪರವಾನಗಿಯ ಆಶ್ರಯಕ್ಕೆ ಬಂದು ಬೆಳೆಯಿತು. ವಿಕಿಪೀಡಿಯದ ಬರಹಗಳಿಗೂ ಇಂಥದೇ ನಿಯಮವುಂಟು. ಅರವಟ್ಟಿಗೆಯ ಗುಡಾಣವನ್ನು ಯಾರೂ ಮನೆಗೆ ಹೊತ್ತೊಯ್ಯಬಾರದೆಂಬ ಕಟ್ಟಳೆಯಿದು.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅರ್ಧವಾದೀತು. ಓದುವವರಲ್ಲಿ ಬರೆಯುವವರು ಎಲ್ಲೆಡೆಯೂ ಅತ್ಯಲ್ಪ. ಅವರಲ್ಲಿ ಸ್ತ್ರೀಯರು ಇನ್ನೂ ಕಡಿಮೆ. ತಪ್ಪು ಬರೆಯುವವರೂ ಬೇಕೆಂದೇ ಕೆಡಿಸುವವರೂ ಇದ್ದಾರೆ. ಕನ್ನಡ ವಿಕಿಪೀಡಿಯ 2003ರಲ್ಲಿಯೇ ಆರಂಭವಾದರೂ, 2011ರ ಜನಗಣತಿಯಂತೆ 4 ಕೋಟಿಗೂ ಹೆಚ್ಚು ಜನರ ಮಾತೃಭಾಷೆಯಾದ ನಮ್ಮ ನುಡಿಯಲ್ಲಿ ಲೇಖನಗಳು ಇನ್ನೂ ಕೆಲವು ಹತ್ತು ಸಾವಿರಗಳಷ್ಟೆ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ದೊಡ್ಡ ಉಪಕಾರ. ಅದನ್ನು ಮುಂದುವರಿಸುವ ಕೈಗಳು ಸಾಲದು.

ಇದಕ್ಕಿಂತ ಹೊಸದಾದ ಚಿಂತೆ ಮತ್ತೊಂದು. 2022ರ ಕೊನೆಯಿಂದೀಚೆಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರಗಳು ಮನೆಮಾತಾಗಿವೆ. ಈ ಯಂತ್ರಗಳು ಕಲಿತದ್ದರಲ್ಲಿ ದೊಡ್ಡ ಪಾಲು, ಹೆಸರಿಲ್ಲದ ಜನರು ಪುಕ್ಕಟೆಯಾಗಿ ಬರೆದಿಟ್ಟುದೇ. ಈಗ ಜನರು ಜನರನ್ನು ಕೇಳುವುದು ಕಡಿಮೆಯಾಗುತ್ತಿದೆ; ಗಣಕಯಂತ್ರದ ಕ್ರಮಲೇಖಕರು ಪರಸ್ಪರ ಕೇಳಿ ಹೇಳುತ್ತಿದ್ದ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣದಲ್ಲಿ ಪ್ರಶ್ನೆಗಳ ಸಂಖ್ಯೆ ಬಹಳ ಕುಸಿದಿದೆ. ಎಲ್ಲರೂ ಲೋಟ ಹಿಡಿದು ನಿಂತು, ಗುಡಾಣಕ್ಕೆ ನೀರು ಹೊರುವವರೇ ಇಲ್ಲವಾದರೆ ಏನು ಗತಿ? ವಿದ್ಯೆ ಮನೆತನದಿಂದ ಬಂದವರಿಗೆ ಮನೆಯಲ್ಲಿಯೇ ಬಾವಿಯುಂಟು. ನನ್ನಂಥವರಿಗೆ ಹಾದಿಯ ಅರವಟ್ಟಿಗೆಯೇ ಆಧಾರ. ಆದುದರಿಂದ ಇದು ನನಗೆ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ.

ಹಾಗೆಂದು ನಾನೂ ಒಂದು ಸಣ್ಣ ಕೊಡ ಹೊತ್ತೆ. ನಮ್ಮ ಮನೆಯ ಹಳೆಯ ಕೂರಿಗೆಯ ಚಿತ್ರ ತೆಗೆದು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಲು ಹೊರಟೆ. ವಿವರಣೆ ಬರೆದು ಗಟ್ಟಿಯಾಗಿ ಓದುತ್ತಿದ್ದಾಗ ಅವ್ವ ಹತ್ತಿರ ಬಂದು ಕುಳಿತಳು. “ಅದು ಹಾಗಲ್ಲ” ಎಂದಳು. ಬಟ್ಟಲಿಗೆ ಕಾಳನ್ನು ಹಿಡಿಯಿಂದ ಸುರಿಯುವುದಿಲ್ಲ, ಬೆರಳ ಸಂದಿಯಿಂದ ಬಿಡಬೇಕು. ಎತ್ತಿನ ನಡೆ ನೋಡಿಕೊಂಡು ಬಿಡಬೇಕು. ಇಲ್ಲದಿದ್ದರೆ ಒಂದು ಸಾಲು ಒತ್ತಾಗಿ ಮತ್ತೊಂದು ಬೋಳಾಗುತ್ತದೆ. ತಾಳು, ದಿಂಡು, ಬಿದಿರಿನ ಕೊಳವೆ, ಒಂದೊಂದನ್ನೂ ಮುಟ್ಟಿ ಹೇಳಿದಳು. ಮೂವತ್ತು ವರ್ಷ ಬೀಜ ಬಿಟ್ಟ ಕೈ ಅದು. ನಾನು ಮೂರು ಸಲ ಬರೆದೆ, ಮೂರು ಸಲವೂ ಅವಳು ತಿದ್ದಿಸಿದಳು. ಒಲೆ ಹಚ್ಚುವ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಕೊನೆಗೆ ನಾನು, “ಇದನ್ನು ಓದುವವರು ಯಾರೋ ಏನೋ ಅವ್ವ, ನಿನಗೇನು ಬಂತು ಇದರಿಂದ?” ಎಂದು ಕೇಳಿದೆ. ಅವಳು ಸೆರಗು ಕೊಡವಿ ಮೇಲೆದ್ದು, “ತಪ್ಪು ಬರೆದರೆ ನೋಡಿಕೊಂಡು ಸುಮ್ಮನೆ ಇರೋಕಾಗ್ತದಾ?” ಎಂದು ಒಳಗೆ ಹೋದಳು.