ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಎದೆಗಪ್ಪಿಕೊಂಡರೆ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆಯೇ?

"ತಿಂಗಳು ತುಂಬದೆ ಹುಟ್ಟಿದ ಮಗುವನ್ನು ತಾಯಿ ಎದೆಗೆ ಒರಗಿಸಿಕೊಂಡರೆ ಸಾಕು, ಮಿದುಳಿಗೆ ರಕ್ತ ಹರಿದು ಮಗು ಜಾಣನಾಗುತ್ತದೆ. ಇನ್‌ಕ್ಯುಬೇಟರ್ ಎಲ್ಲಾ ಆಸ್ಪತ್ರೆಯವರ ದುಡ್ಡಿನಾಟ!" ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ಮಗುವಿನ ಜೀವಕ್ಕೇ ಅಪಾಯ. ಯಾವುದು ನಿಜ, ಯಾವುದು ಅಲ್ಲ ಎಂದು ನೋಡೋಣ.

ಏನಿದು ಕಾಂಗರೂ ಆರೈಕೆ?

ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ ಹಾಕಿ, ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿ ಬಟ್ಟೆಯಿಂದ ಕಟ್ಟುತ್ತಾರೆ. ಇದು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಶುರುವಾಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ, ಸೋಂಕು ಹರಡಿ ಮಕ್ಕಳು ಸಾಯುತ್ತಿದ್ದಾಗ ಡಾ. ಎಡ್ಗರ್ ರೇ ಈ ದಾರಿ ಹುಡುಕಿದರು.

ಮಿದುಳಿಗೂ ಇದಕ್ಕೂ ಏನು ಸಂಬಂಧ?

ನಮ್ಮ ಮಿದುಳಿನ ರಕ್ತನಾಳಗಳು ನಲ್ಲಿ ತಿರುಗಿಸಿದಂತೆ ಅಗಲವಾಗಿ, ಕಿರಿದಾಗಿ ರಕ್ತದ ಹರಿವನ್ನು ಹದದಲ್ಲಿ ಇಡುತ್ತವೆ. 37 ವಾರಕ್ಕೆ ಮುಂಚೆ, ಅದರಲ್ಲೂ ತೀರಾ ಬೇಗ ಹುಟ್ಟಿದ ಮಗುವಿನಲ್ಲಿ ಈ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಮಗು ಜೋರಾಗಿ ಅತ್ತರೆ, ಮೈ ತಣ್ಣಗಾದರೆ, ಉಸಿರು ಕ್ಷಣ ನಿಂತರೆ ರಕ್ತದ ಒತ್ತಡ ಏರುಪೇರಾಗುತ್ತದೆ. ಅಷ್ಟಕ್ಕೇ ತೆಳುವಾದ ನಾಳಗಳು ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗಬಹುದು.

ತಾಯಿಯ ಎದೆಯ ಮೇಲೆ ಮಗುವಿನ ಮೈ ಬೆಚ್ಚಗಿರುತ್ತದೆ, ಅಳು ಕಡಿಮೆಯಾಗುತ್ತದೆ, ಉಸಿರು ಮತ್ತು ಎದೆಬಡಿತ ಒಂದು ಹದಕ್ಕೆ ಬರುತ್ತವೆ. ಈಜಿಪ್ಟಿನಲ್ಲಿ 60 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 30 ನಿಮಿಷದ ಆರೈಕೆಯ ಮೊದಲು ಮತ್ತು ನಂತರ ಡಾಪ್ಲರ್ ಸ್ಕ್ಯಾನ್ ಮಾಡಿ ನೋಡಲಾಯಿತು. ಮಿದುಳಿನ ಒಂದು ಮುಖ್ಯ ರಕ್ತನಾಳದಲ್ಲಿ ಹರಿವು ಸುಧಾರಿಸಿತ್ತು. ಆದರೆ ಇದು ಚಿಕ್ಕ ಅಧ್ಯಯನ, ಅಳೆದದ್ದು ಅರ್ಧ ಗಂಟೆಯ ಬದಲಾವಣೆ. ಇದರಿಂದ "ಮಗು ಜಾಣನಾಗುತ್ತದೆ" ಎನ್ನಲಾಗದು.

ಹಾಗಾದರೆ ಬುದ್ಧಿ ಹೆಚ್ಚುವುದಿಲ್ಲವೇ?

ಕೊಲಂಬಿಯಾದಲ್ಲಿ ಈ ಆರೈಕೆ ಪಡೆದ ಮಕ್ಕಳನ್ನು 20 ವರ್ಷದ ನಂತರ ಮತ್ತೆ ಪರೀಕ್ಷಿಸಿದರು. ಶಾಲೆ ತಪ್ಪಿಸುವುದು, ಅತಿ ಚಟುವಟಿಕೆ, ಸಿಟ್ಟು ಅವರಲ್ಲಿ ಕಡಿಮೆ ಇತ್ತು. ಬುದ್ಧಿಮತ್ತೆಯಲ್ಲಿ ಕಂಡ ಲಾಭ ಚಿಕ್ಕದು, ಅದೂ ಹುಟ್ಟುವಾಗ ಹೆಚ್ಚು ದುರ್ಬಲವಾಗಿದ್ದವರಲ್ಲಿ.

ನಿಜವಾದ ದೊಡ್ಡ ಲಾಭ ಜೀವ ಉಳಿಯುವುದು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1ರಿಂದ 1.8 ಕೆ.ಜಿ. ತೂಕದ ಮಕ್ಕಳಿದ್ದರು. ಮಗುವಿನ ಸ್ಥಿತಿ ಸುಧಾರಿಸಲಿ ಎಂದು ಕಾದು ಆರೈಕೆ ಶುರು ಮಾಡಿದ ಗುಂಪಿನಲ್ಲಿ 28 ದಿನದೊಳಗೆ ಶೇ. 15.7ರಷ್ಟು ಮಕ್ಕಳು ತೀರಿಕೊಂಡರು. ಹುಟ್ಟಿದ ಕೂಡಲೇ ಶುರು ಮಾಡಿದ ಗುಂಪಿನಲ್ಲಿ ಈ ಪ್ರಮಾಣ ಶೇ. 12.

ಇಲ್ಲೇ ಫಾರ್ವರ್ಡ್ ಎಡವುವುದು. ಆ ಮಕ್ಕಳೆಲ್ಲ ಇದ್ದದ್ದು ಆಸ್ಪತ್ರೆಯಲ್ಲೇ. ಮಗುವನ್ನು ಐಸಿಯುನಿಂದ ಹೊರಗೆ ತರಲಿಲ್ಲ, ತಾಯಿಯ ಹಾಸಿಗೆಯನ್ನೇ ಒಳಗೆ ತಂದರು. ವೈದ್ಯರು, ಆಕ್ಸಿಜನ್, ಔಷಧ ಎಲ್ಲವೂ ಪಕ್ಕದಲ್ಲೇ ಇದ್ದವು.

ನಾವು ಏನು ಮಾಡಬೇಕು?

2022ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಪ್ರಕಾರ, ಇಂಥ ಮಕ್ಕಳಿಗೆ ಹುಟ್ಟಿದ ಕೂಡಲೇ ಶುರು ಮಾಡಿ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ಕೊಡಬೇಕು. ತಾನಾಗಿ ಉಸಿರಾಡಲಾಗದ, ತೀವ್ರ ಸ್ಥಿತಿಯಲ್ಲಿರುವ ಮಗುವಿನ ವಿಷಯದಲ್ಲಿ ವೈದ್ಯರು ಹೇಳುವವರೆಗೆ ಕಾಯಬೇಕು. ಬಾಣಂತಿಗೆ ಸುಸ್ತಾದರೆ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಮಗುವನ್ನು ಎದೆಗೆ ಹಾಕಿಕೊಳ್ಳಬಹುದು. ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲೂ ಮುಂದುವರಿಸಬಹುದು.

ಒಟ್ಟಿನಲ್ಲಿ, ಎದೆಯ ಅಪ್ಪುಗೆ ಚಿಕಿತ್ಸೆಯ ಒಂದು ಭಾಗ, ಚಿಕಿತ್ಸೆಗೆ ಬದಲಿಯಲ್ಲ. ನಿಮ್ಮ ಮನೆಯ ಮಗು ಐಸಿಯುನಲ್ಲಿದ್ದರೆ ಡಿಸ್ಚಾರ್ಜ್ ಕೇಳಬೇಡಿ. "ಮಗುವನ್ನು ಎದೆಗೆ ಹಾಕಿಕೊಳ್ಳಬಹುದಾ, ಯಾವಾಗಿನಿಂದ?" ಎಂದು ನರ್ಸ್ ಬಳಿ ಕೇಳಿ. ಆ ಫಾರ್ವರ್ಡ್ ಮತ್ತೆ ಬಂದರೆ ಈ ಮಾತನ್ನೂ ಜೊತೆಗೆ ಕಳಿಸಿ.